ಚೈತ್ರದಲ್ಲಿ ಬನ್ನಿ, ನದಿ ದಾರಿಯಲ್ಲಿ ಹೋಗಿ

ಆ ದಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಕೆಳಗಿನ ಕಾಡುಗಳಲ್ಲಿ ಎಲ್ಲೋ ಬಿದ್ದ ಬೆಂಕಿಯ ಹೊಗೆ ಮೇಲೇರಿ ಬಂದು ಬೆಟ್ಟದೂರು ಮುನ್ಸ್ಯಾರಿಯ ನೆತ್ತಿಯ ಮೇಲೆ ನಿಂತುಬಿಟ್ಟಿತ್ತು. ಎದುರಿನ ಪಂಚಚೂಲಿಯ ಐದು ಹಿಮಶಿಖರಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ದೀವಾನ್ ಸಿಂಗ್ ಅಂಗಳದಲ್ಲಿ ಕೂತು ತಮ್ಮನ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ಮೂರನೆಯ ಸಲವೂ ಗಂಟು ಜಾರಿತು.

"ಕೊಡು ಇಲ್ಲಿ ದಾಜ್ಯೂ," ಎಂದ ಹಯಾತ್ ಸಿಂಗ್. ಹಿಂದಿನ ರಾತ್ರಿ ಸತ್ತ ತಮ್ಮ ಖುಶಾಲನಿಗೆ ಅವನು ಜೀಪ್ ಸ್ಟ್ಯಾಂಡಿನ ಗೆಳೆಯ. ಊರಿನ ಎಲ್ಲ ಕಿರಿಯರಂತೆ ದೀವಾನನನ್ನು ಅಣ್ಣನೆಂದೇ ಕರೆಯುವವನು. "ರಾಜ್ಮಾ ಮೂಟೆಗೆ ಹಾಕೋ ಗಂಟು ಇದಕ್ಕೆ ನಿಲ್ಲಲ್ಲ."

ಅಷ್ಟರಲ್ಲಿ ಹಯಾತನ ಜೇಬಿನಲ್ಲಿ ಫೋನ್ ಕೂಗಿತು. ಅದು ಖುಶಾಲನ ಫೋನು. ಹಯಾತ್ ಎದ್ದು ಗೋಡೆಯ ಪಕ್ಕ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿ ಬಂದ.

"ಯಾರದು?"

"ಕೆಳಗಿನ ಬಯಲಿನೋರು. ಮುಂದಿನ ವರ್ಷ ಬರ್ತಾರಂತೆ. ಯಾವ ತಿಂಗಳು ಚೆನ್ನ, ಯಾವ ದಾರಿ ಅಂತ ಕೇಳಿದ್ರು."

"ಏನಂದೆ?"

"ಏನನ್ಲಿ? ಚೈತ್ರದಲ್ಲಿ ಬನ್ನಿ ಅಂದೆ. ಬಾಯಿಗೆ ಅವನ ಮಾತೇ ಬಂತು."

ಚಟ್ಟದ ಆಚೆ ಬದಿಯಲ್ಲಿ ಕೂತಿದ್ದ ಇಬ್ಬರು ಮುದುಕರು ನಕ್ಕರು, ನಕ್ಕು ನಾಚಿ ತಲೆ ತಗ್ಗಿಸಿದರು. ಹಯಾತ್ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. ಆಮೇಲೆ ದೀವಾನನ ಮುಖ ನೋಡದೆ ಹೇಳಿದ:

"ಬೆಳಗಿನ ಜಾವ ಸರುಲಿಗೂ ಫೋನ್ ಮಾಡಿದೀನಿ. ಹೊರಟಿದ್ದಾಳೆ. ಬೈಯೋದಿದ್ರೆ ಈಗಲೇ ಬೈದು ಮುಗಿಸು. ಹೆಣ ಎತ್ತಿದ ಮೇಲೆ ಬೇಡ."

ದೀವಾನ್ ಬೈಯಲಿಲ್ಲ. ಎದ್ದು ಅಂಗಳದ ಮೂಲೆಯವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಇಪ್ಪತ್ತಾರು ವರ್ಷದಿಂದ ತಂಗಿಯ ಹೆಸರನ್ನು ಅವನ ಎದುರಿಗೆ ಯಾರೂ ಎತ್ತಿರಲಿಲ್ಲ.

*

ಖುಶಾಲ್ ಸಿಂಗ್ ಜೀಪ್ ಸ್ಟ್ಯಾಂಡಿನ ಕಿಟಕಿಯಲ್ಲಿ ಕೂತು ಯಾವ ಜೀಪು ಯಾವಾಗ ಹೊರಡಬೇಕೆಂದು ಸರದಿ ಬರೆಯುತ್ತಿದ್ದ. ಅದು ಹೊಟ್ಟೆಪಾಡು. ಅವನ ನಿಜವಾದ ಕಾಯಕ ಬೇರೆ. ಎಲ್ಲೆಲ್ಲಿಯ ಜನವೋ ಅವನನ್ನು ಕೇಳಿಯೇ ಈ ಬೆಟ್ಟಕ್ಕೆ ಬರುತ್ತಿದ್ದರು. ಮೊದಲು ಕಾಗದ ಬರೆದು ಕೇಳುತ್ತಿದ್ದರು, ಆಮೇಲೆ ಫೋನಿನಲ್ಲಿ. ಯಾವ ತಿಂಗಳಲ್ಲಿ ರಸ್ತೆ ಕುಸಿಯುತ್ತದೆ, ಯಾವ ತಿರುವಿನಲ್ಲಿ ಮಕ್ಕಳಿಗೆ ವಾಂತಿಯಾಗುತ್ತದೆ, ಎಲ್ಲಿ ಇಳಿದು ಚಹಾ ಕುಡಿಯಬೇಕು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು.

ರಸ್ತೆಯ ಎದುರು ಬದಿಯಲ್ಲೇ ದೀವಾನನ ರಾಜ್ಮಾ ಅಂಗಡಿ. ತಮ್ಮ ಫೋನಿನಲ್ಲಿ ಕೂಗಿ ಹೇಳುವುದೆಲ್ಲ ಅವನಿಗೆ ಕೇಳುತ್ತಿತ್ತು.

"ಅಕ್ಟೋಬರ್‌ನಲ್ಲಿ ಹಿಮ ಎಲ್ಲರಿಗೂ ಕಾಣುತ್ತೆ ಸಾಹೇಬ್ರೇ. ನೀವು ಚೈತ್ರದಲ್ಲಿ ಬನ್ನಿ. ಬುರಾಂಶ್ ಹೂ ಬಿಟ್ಟಿರುತ್ತೆ, ಕಾಡಿಗೆ ಕಾಡೇ ಕೆಂಪು. ಬರೋವಾಗ ಥಲ್ ಮೇಲಿಂದ ಬನ್ನಿ. ಹೋಗೋವಾಗ ಮಾತ್ರ ಆ ದಾರಿ ಬೇಡ. ಮದ್‌ಕೋಟ್‌ಗೆ ಇಳಿದು, ಗೋರಿ ನದಿ ಜೊತೆಗೇ ಜೌಲ್‌ಜೀಬಿಗೆ ಹೋಗಿ."

ಫೋನ್ ಇಟ್ಟೊಡನೆ ದೀವಾನ್ ಅಂಗಡಿಯಿಂದಲೇ ಕೂಗುತ್ತಿದ್ದ: "ಯಾಕೋ ಸುಳ್ಳು ಹೇಳ್ತೀಯ ಜನಕ್ಕೆ? ಚೈತ್ರದಲ್ಲಿ ಹೊಗೆ ಬಿಟ್ರೆ ಇಲ್ಲಿ ಏನು ಕಾಣುತ್ತೆ?"

"ನೀನು ಹೊಗೆ ನೋಡ್ತೀಯ ದಾಜ್ಯೂ, ನಾನು ಹೂ ನೋಡ್ತೀನಿ."

"ಮತ್ತೆ ಆ ಜೌಲ್‌ಜೀಬಿ ಸುತ್ತು? ಸೊಂಟ ಮುರಿದುಕೊಂಡು ಶಾಪ ಹಾಕ್ತಾರೆ ನಿನಗೆ."

"ನದಿ ಜೊತೆ ಹೋಗೋರಿಗೆ ಸುತ್ತು ಅನ್ಸಲ್ಲ," ಎಂದು ಖುಶಾಲ್ ತನ್ನ ಸರದಿ ಪುಸ್ತಕಕ್ಕೆ ತಲೆ ಬಗ್ಗಿಸುತ್ತಿದ್ದ.

ಊರಿನವರು ಅದನ್ನೊಂದು ಹುಚ್ಚೆಂದು ಬಿಟ್ಟಿದ್ದರು. ಮದುವೆಯಿಲ್ಲದ ಗಂಡಸಿಗೆ ಏನಾದರೊಂದು ಹುಚ್ಚು ಇರಲೇಬೇಕಲ್ಲ.

*

ಚಟ್ಟ ಸಿದ್ಧವಾಗುವ ಹೊತ್ತಿಗೆ ಮನೆಯ ಮುಂದೆ ಬಾಡಿಗೆ ಕಾರೊಂದು ಬಂದು ನಿಂತಿತು. ಬಂಗಾಳದ ಕಡೆಯ ನಡುವಯಸ್ಸಿನ ಗಂಡಹೆಂಡತಿ ಇಳಿದರು. ಅಂಗಳ ಕಂಡದ್ದೇ ಗಂಡಸು ಗೇಟಿನ ಹೊರಗೇ ಚಪ್ಪಲಿ ಬಿಟ್ಟ.

"ಕ್ಷಮಿಸಬೇಕು. ನಾನು ಸಾನ್ಯಾಲ್. ಖುಶಾಲ್‌ಜೀ ಹೇಳಿದ ಹಾಗೇ ಬಂದಿದ್ವಿ. ಇವತ್ತು ಜೌಲ್‌ಜೀಬಿ ದಾರಿಯಲ್ಲಿ ಇಳೀತಾ ಇದ್ದೀವಿ. ಒಂದು ಗಂಟು ಕೊಡ್ತೀನಿ, ಅಲ್ಲಿ ಮುಟ್ಟಿಸಿ ಅಂದಿದ್ರು. ಕಿಟಕಿ ಮುಚ್ಚಿತ್ತು, ಯಾರೋ ಈ ಮನೆ ತೋರಿಸಿದ್ರು." ಅವನ ಕಣ್ಣು ಚಟ್ಟದ ಮೇಲೆ ನಿಂತಿತು. "ನಮಗೆ ಗೊತ್ತಿರಲಿಲ್ಲ."

"ಯಾವ ಗಂಟು?" ಎಂದ ದೀವಾನ್.

ಹಯಾತ್ ಎದ್ದು ಸ್ಟ್ಯಾಂಡಿಗೆ ಹೋಗಿ, ಕಿಟಕಿಯ ಕೆಳಗಿನ ಗೂಡಿನಿಂದ ಹಳದಿ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತಂದು ದೀವಾನನ ಮುಂದಿಟ್ಟ. ದೀವಾನ್ ಬಿಚ್ಚಿದ. ಹಸಿರು ಸೀರೆ. ಒಂದು ಡಜನ್ ಬಳೆ. ಡಬ್ಬಿಯ ತುಂಬ ಬೆಲ್ಲ ಹಾಕಿ ಕರಿದ ಖಜೂರೆ. ಮೇಲೊಂದು ಚೀಟಿ, ಖುಶಾಲನ ದುಂಡು ಅಕ್ಷರದಲ್ಲಿ: *ಭುಲಿ ಸರುಲಿಗೆ ಈ ಚೈತ್ರದ ಭಿಟೌಲಿ. ಇಂತಿ ನಿನ್ನ ದೀವಾನ್ ದಾಜ್ಯೂ.*

ಚೈತ್ರ ಬಂತೆಂದರೆ ಮದುವೆಯಾಗಿ ಹೋದ ತಂಗಿಯ ಮನೆಗೆ ಅಣ್ಣನಾದವನು ಭಿಟೌಲಿಯೆಂಬ ಉಡುಗೊರೆ ಹೊತ್ತು ಹೋಗಬೇಕು. ಆ ತಿಂಗಳಿಡೀ ಹೆಣ್ಣುಮಕ್ಕಳು ತವರಿನ ದಾರಿ ನೋಡುತ್ತಿರುತ್ತಾರೆ. ಅಣ್ಣ ಬಾರದ ಮನೆಯ ಹೆಣ್ಣಿನ ಕಡೆ ನೆರೆಯವರು ಕನಿಕರದಿಂದ ನೋಡುತ್ತಾರೆ. ಆ ಕನಿಕರ ಬೈಗುಳಕ್ಕಿಂತ ಕಷ್ಟ.

"ಎಷ್ಟು ವರ್ಷದಿಂದ?" ದೀವಾನ್ ಚೀಟಿ ಎತ್ತಿಕೊಂಡ.

"ನೀನು ಬೇಡ ಅಂದ ವರ್ಷದಿಂದ," ಎಂದ ಹಯಾತ್.

"ಈ ಖಜೂರೆ ಅವನಿಗೆ ಕರಿಯೋಕೆ ಬರುತ್ತಾ?" ಎಂದ ದೀವಾನ್.

ಒಳಬಾಗಿಲಲ್ಲಿ ಅವನ ಹೆಂಡತಿ ಗೋವಿಂದಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಊದಿತ್ತು. "ಹಿಟ್ಟು ಯಾರು ನಾದಿದ್ರು ಅಂದ್ಕೊಂಡ್ರಿ? ಪ್ರತಿ ಚೈತ್ರ ನೀವು ರಾಜ್ಮಾ ಮಾರೋಕೆ ಥಲ್‌ಗೆ ಹೋಗ್ತಿದ್ರಲ್ಲ, ಆ ದಿನ," ಎಂದಳು. "ಸಾವಿಗೆ ಮುಂಚೆ ಕಟ್ಟಿದ್ದು. ಇದಕ್ಕೆ ಸೂತಕ ಇಲ್ಲ. ಕೊಟ್ಟು ಕಳಿಸಿ."

ದೀವಾನ್ ಚೀಟಿಯನ್ನು ಬೆರಳ ನಡುವೆ ಹಿಡಿದುಕೊಂಡೇ ಕೂತ. ಅದನ್ನು ತೆಗೆದುಬಿಡಬಹುದಿತ್ತು. ಹಯಾತ್ ನೋಡುತ್ತಿದ್ದ, ಗೋವಿಂದಿ ನೋಡುತ್ತಿದ್ದಳು. ಚೀಟಿಯನ್ನು ಸೀರೆಯ ಮೇಲೆ ಹಾಗೆಯೇ ಇಟ್ಟು, ಗಂಟು ಕಟ್ಟಿ, ಸಾನ್ಯಾಲನ ಕೈಗೆ ಕೊಟ್ಟ.

"ಅವಳು ಮೇಲಕ್ಕೆ ಬರ್ತಾ ಇದ್ದಾಳೆ," ಎಂದ ಹಯಾತ್ ಅವರಿಗೆ. "ಮದ್‌ಕೋಟ್ ಸೇತುವೆ ಹತ್ರ ಜೀಪ್ ಬದಲಾಯಿಸ್ತಾಳೆ. ಜೌಲ್‌ಜೀಬಿ ಸರುಲಿ ಅಂತ ಕೇಳಿ, ಸಿಗ್ತಾಳೆ."

*

ಸರುಲಿ ಬೇರೆ ಜಾತಿಯ, ಕಬ್ಬಿಣ ಬಡಿಯುವ ಲೋಹಾರರ ಹುಡುಗನೊಬ್ಬನ ಕೈಹಿಡಿದು ಹೋದ ವರ್ಷದ ಮಾತು. ಚೈತ್ರದ ಮೊದಲ ದಿನ ಗೋವಿಂದಿ ಪದ್ಧತಿಯಂತೆ ಭಿಟೌಲಿಗೆ ಹಿಟ್ಟು ನಾದಲು ಕೂತಿದ್ದಳು. ದೀವಾನ್ ಬಂದವನೇ ಪರಾತವನ್ನು ಕಾಲಿನಿಂದ ಒದ್ದ. ಹಿಟ್ಟು ಗೋಡೆಗೆ ಹಾರಿತು.

"ಈ ಮನೆಯಿಂದ ಯಾರೂ ಆ ಮನೆ ಹೊಸ್ತಿಲು ತುಳೀಕೂಡದು. ಕೇಳಿಸ್ತೇನೋ ಖುಶಾಲ್?"

ಆಗ ಖುಶಾಲನಿಗೆ ಮೀಸೆ ಗಟ್ಟಿಯಾಗಿ ಮೂಡಿರಲಿಲ್ಲ. ಅವನು ಗೋಡೆಯ ಹಿಟ್ಟನ್ನೇ ಸ್ವಲ್ಪ ಹೊತ್ತು ನೋಡಿದ.

"ಆಯ್ತು ದಾಜ್ಯೂ. ನಾನು ತುಳಿಯಲ್ಲ."

ಕೊಟ್ಟ ಮಾತನ್ನು ಅವನು ಸಾಯುವವರೆಗೆ ಉಳಿಸಿಕೊಂಡ. ಜೌಲ್‌ಜೀಬಿಗೆ ಒಮ್ಮೆಯೂ ಹೋಗಲಿಲ್ಲ. ಊರಿಗೆ ಬಂದವರನ್ನೆಲ್ಲ ಕಳಿಸಿದ.

*

ಮುನ್ಸ್ಯಾರಿಯವರ ಹೆಣ ಗೋರಿ ನದಿಗೆ ಇಳಿಯಬೇಕು. ಬೆಟ್ಟದ ಪಕ್ಕೆಯನ್ನು ಸುತ್ತಿ ಸುತ್ತಿ ಇಳಿಯುವ ಮದ್‌ಕೋಟ್ ರಸ್ತೆಯಲ್ಲಿ ಜೀಪಿನ ಮೇಲೆ ಚಟ್ಟ, ಹಿಂದೆ ಮೂರು ಜೀಪಿನಲ್ಲಿ ಜನ. ದೀವಾನನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪ್ರತಿ ತಿರುವಿನಲ್ಲೂ ತಲೆ ಹೊರಗೆ ಹಾಕಿ ಕೆಳಗಿನ ರಸ್ತೆ ನೋಡುತ್ತಿದ್ದ. ಅವಳು ಬಂದು ಬೈದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಅವಳು ಬೈಯುವುದಿಲ್ಲ. ಇಪ್ಪತ್ತಾರು ಸೀರೆ ತಲುಪಿದ ಹೆಣ್ಣು, ಕೈ ಮುಗಿದುಕೊಂಡು ಬರುತ್ತಾಳೆ. ಅದನ್ನು ಹೇಗೆ ತಗೊಳ್ಳುವುದು? ತಗೊಂಡು ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರು? ಹಯಾತ್ ಬಾಯಿ ಬಿಡುವವನಲ್ಲ. ಗೋವಿಂದಿಯೂ ಬಿಡುವುದಿಲ್ಲ. ಖುಶಾಲನಂತೂ ಅದನ್ನೇ ಬಯಸಿದ್ದ.

ನದಿಯ ಪಕ್ಕ ಚಿತೆ ಕಟ್ಟಿದರು. ದೀವಾನನ ಮಗ ತ್ರಿಲೋಕ್ ತಲೆ ಬೋಳಿಸಿಕೊಂಡು ಒದ್ದೆ ಧೋತಿಯಲ್ಲಿ ನಿಂತ. ಬಂದ ಗಂಡಸರೆಲ್ಲ ಪದ್ಧತಿಯಂತೆ ಒಬ್ಬೊಬ್ಬರೇ ಒಂದೊಂದು ಕಟ್ಟಿಗೆ ಇಟ್ಟು ಹಿಂದೆ ಸರಿದರು. ದೀವಾನ್ ತನ್ನದನ್ನು ಹಿಡಿದುಕೊಂಡೇ ಇದ್ದ.

"ಇಡಪ್ಪಾ," ಎಂದರು ಪುರೋಹಿತರು. "ಹೊತ್ತು ಇಳೀತಿದೆ."

"ಇನ್ನೊಂದು ಸ್ವಲ್ಪ."

"ಏನು ಸ್ವಲ್ಪ? ಮೂರನೇ ಸಲ ಅಂತಿದೀಯ."

ಮೇಲೆ ರಸ್ತೆಯಲ್ಲಿ ಜೀಪು ನಿಂತ ಸದ್ದಾಯಿತು. ಹೆಂಗಸೊಬ್ಬಳು ಇಳಿದಳು. ಹೆಣ ಸುಡುವ ಘಾಟಿಗೆ ಹೆಂಗಸರು ಇಳಿಯುವುದಿಲ್ಲವಾದ್ದರಿಂದ ರಸ್ತೆಯ ಅಂಚಿನಲ್ಲೇ, ಎದೆಗೆ ಹಳದಿ ಗಂಟೊಂದನ್ನು ಅವಚಿಕೊಂಡು ನಿಂತಳು. ದೀವಾನ್ ಕಟ್ಟಿಗೆ ಕೈಯಲ್ಲಿ ಹಿಡಿದೇ ಕಲ್ಲುದಾರಿ ಹತ್ತಿದ.

ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಬಗ್ಗಿ ಅವನ ಕಾಲು ಮುಟ್ಟಿದಳು. ಅವನಿಗೆ ತಡೆಯಲು ಹೊಳೆಯಲಿಲ್ಲ.

"ಇಂಥ ದಿನಾನೂ ಮರೀಲಿಲ್ವಲ್ಲ ದಾಜ್ಯೂ," ಎಂದಳು. "ತಮ್ಮನ ಹೆಣ ಅಂಗಳದಲ್ಲಿಟ್ಕೊಂಡು ನನಗೆ ಭಿಟೌಲಿ ಕಳಿಸಿದ್ಯಲ್ಲ. ನನ್ನ ಮಗನಿಗೆ ಯಾವಾಗ್ಲೂ ಹೇಳ್ತೀನಿ, ನಿನ್ನ ದೊಡ್ಡ ಮಾಮನ ಬಾಯಿ ಒರಟು ಕಣೋ, ಕೈ ಒರಟಲ್ಲ ಅಂತ."

ಕೆಳಗೆ ನದಿ ಕಲ್ಲುಗಳ ಮೇಲೆ ಒಂದೇ ಸಮನೆ ಸದ್ದು ಮಾಡುತ್ತಿತ್ತು. ದೀವಾನ್ ಕೈಯಲ್ಲಿದ್ದುದನ್ನು ಬಿಗಿಹಿಡಿದ. ಕಟ್ಟಿಗೆಯ ಸಿಬಿರೊಂದು ಅಂಗೈಗೆ ಚುಚ್ಚಿಕೊಂಡಿತು.

"ನಾನಲ್ಲ ಸರುಲಿ."

"ಏನು?"

"ಕಳಿಸಿದ್ದು ನಾನಲ್ಲ. ಒಂದು ವರ್ಷಾನೂ ನಾನಲ್ಲ. ನನಗೆ ಗೊತ್ತಾಗಿದ್ದೇ ಇವತ್ತು. ಎಲ್ಲಾ ಅವನೇ."

ಅವಳು ಗಂಟಿನ ಸಂದಿಯಿಂದ ಚೀಟಿ ಎಳೆದು ಬಿಡಿಸಿ ನೋಡಿದಳು.

"ಅಕ್ಷರ ಅವನದು ಅಂತ ಗೊತ್ತಿತ್ತು," ಎಂದಳು. "ನೀನು ಹೇಳಿ ಬರೆಸ್ತೀಯ ಅಂದ್ಕೊಂಡಿದ್ದೆ. ಅವನು ಅಷ್ಟು ಹತ್ರ ಇದ್ದೂ ಒಂದು ಸಲ ಬರಲಿಲ್ಲ ಅಂತ ಅವನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ, ದಾಜ್ಯೂ. ಇಷ್ಟು ವರ್ಷ ಅವನ ಮೇಲೆ."

ಅವಳು ಅಳಲಿಲ್ಲ. ಚೀಟಿಯನ್ನು ಮಡಿಸಿ, ಮಡಿಸಿದ್ದನ್ನು ಮತ್ತೆ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡಳು. ಅಣ್ಣನನ್ನು ದಾಟಿ ಕೆಳಗೆ ನೋಡುತ್ತಿದ್ದಳು. ಬಿಳಿ ಬಟ್ಟೆಯ ತುದಿಯೊಂದು ಕಟ್ಟಿಗೆಗಳ ನಡುವಿನಿಂದ ಹೊರಗೆ ಚಾಚಿಕೊಂಡಿತ್ತು.

"ಇಲ್ಲಿಂದಲೇ ನೋಡ್ಲಾ?" ಎಂದು ಕೇಳಿದಳು.

ಕೆಳಗಿನವರೆಲ್ಲ ಕತ್ತು ಎತ್ತಿ ಇತ್ತಲೇ ನೋಡುತ್ತಿದ್ದರು. ಪುರೋಹಿತರು ಏನೋ ಹೇಳಲು ಹೊರಟರು. ಹಯಾತ್ ಅವರ ತೋಳು ಮುಟ್ಟಿದ, ಅವರು ಸುಮ್ಮನಾದರು.

ದೀವಾನ್ ಸಿಂಗ್ ಕೈಯಲ್ಲಿದ್ದ ದೇವದಾರಿನ ತುಂಡನ್ನು ತಂಗಿಯ ಕೈಗಿಟ್ಟ. ಕಲ್ಲುದಾರಿಯ ಒಂದು ಪಕ್ಕಕ್ಕೆ ಸರಿದು ನಿಂತ.