ಭಟ್ಟಿಯಲ್ಲಿ ಬೆಂದ ಇಂಟರ್ನೆಟ್ ಡಬ್ಬಿ

ನಮ್ಮ ಲತೀಫ್ ಭಾಯ್ ಬೇಕರಿ ಭಟ್ಟಿ ಅಂದ್ರೆ ಸುಮ್ನೆ ಅಲ್ಲ. ಒಂದ್ಸಲ ನಾನು ಬಾಗ್ಲು ಮುಚ್ಚೋದು ಮರ್ತು ಟೀಗೆ ಹೋದೆ. ಆ ಕಾವಿಗೆ ಶಿವಾಜಿನಗರದ ಗಿಳಿಗಳೆಲ್ಲ ಬೇಸಿಗೆ ಬಂತು ಅಂದ್ಕೊಂಡು ಕಬ್ಬನ್ ಪಾರ್ಕಿಗೆ ಮನೆ ಬದಲಾಯ್ಸಿದ್ವು. ನನ್ನ ನಂಬ್ದೇ ಇದ್ರೆ ಹೋಗಿ ಗಿಳಿಗಳನ್ನ ಕೇಳಿ. ಆ ಭಟ್ಟಿ ನೋಡ್ಕೊಳ್ತಿದ್ದೋನು ನಾನು, ಹಲಸೂರು ಮುನಿರಾಜಪ್ಪ.

ಬೇಕರಿ ಮೇಲಿನ ರೂಮಲ್ಲಿ ಭಾಯ್ ಮಗಳು ಅರೀಬಾ ಕಂಪ್ನಿ ಇಟ್ಟಿದ್ಲು. ಇಂದಿರಾನಗರದಲ್ಲಿ ಒಳ್ಳೆ ಸಂಬಳದ ಕೆಲಸ ಬಿಟ್ಟು ಬಂದು, ಎರಡು ಮೇಜು ಹಾಕ್ಕೊಂಡು ಇಂಟರ್ನೆಟ್ ಡಬ್ಬಿ ಮಾಡ್ತಿದ್ಲು. ಕಂಬದ ಮೇಲೆ ಒಂದು ಡಬ್ಬಿ ಕಟ್ಟಿದ್ರೆ ಬೀದಿ ಮನೆಗಳಿಗೆಲ್ಲ ಇಂಟರ್ನೆಟ್ ಹಂಚುತ್ತೆ. ಕೆಳಗೆ ನಾನು ಬನ್ ಸುಡ್ತಿದ್ರೆ ಮೇಲೆ ಅವಳು ತಂತಿ ಸುಡ್ತಿದ್ಲು.

ಭಾಯ್ ಒಂದೇ ಮಾತು ಹೇಳಿದ್ರು: "ಮಳೆ ಶುರುವಾಗೋವರೆಗೂ ರೂಮ್ ನಿಂದು ಬೇಟಾ. ಆಮೇಲೆ ಕೆಳಗೆ ಥಂಡಿ, ಮೈದಾ ಮೂಟೆ ಮೇಲೆ ಇಡ್ಲೇಬೇಕು. ಅಷ್ಟರಲ್ಲಿ ದೊಡ್ಡ ಆರ್ಡರ್ ಬಂದ್ರೆ ನನ್ ಮೈದಾ ನೆನೀಲಿ. ಬರ್ಲಿಲ್ಲ ಅಂದ್ರೆ ನೀನು ವಾಪಸ್ ಕೆಲಸಕ್ಕೆ ಹೋಗು."

ಆರ್ಡರ್ ಕೊಡ್ತೀನಿ ಅಂತ ಮೆಟ್ಲು ಹತ್ತಿದ್ದು ಒಬ್ರೇ, ಭಗವಂತರಾಯರು. ಸೇಡಂ ಕಡೆಯವರು, ಕೆ.ಆರ್. ಪುರದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡೋ ಕೆಲಸ ಅವರದು.

"ನೋಡವ್ವ," ಅಂದ್ರು, "ನನ್ನ ಹಳೇ ಡಬ್ಬಿ ಬಿಸಲಿಗೂ ಸಾಯ್ತಾವ, ಮಳಿಗೂ ಸಾಯ್ತಾವ. ನಿನ್ನವು ಬದುಕಿದ್ರ ಕೆ.ಆರ್. ಪುರದಿಂದ ಹೊರಮಾವು ತನಕ ಎಲ್ಲಾ ಕಂಬ ನಿನಗ. ಮೊದಲ ಕಾವಿನಾಗಿಟ್ಟು ತೋರ್ಸು."

ಕಾವಿನ ಪರೀಕ್ಷೆಗೆ ದೊಡ್ಡ ಮೆಷಿನ್ ಬೇಕಂತೆ. ಅರೀಬಾ ಮುಖ ಸಪ್ಪಗಾಯ್ತು.

"ಮೆಷಿನ್ ಯಾಕಮ್ಮ, ಭಟ್ಟಿ ಇಲ್ವಾ?" ಅಂದೆ.

"ಮುನಿ ಚಾಚಾ, ಅದು ಬನ್ ಅಲ್ಲ."

"ಅದು ಭಟ್ಟಿಗೆ ಗೊತ್ತಾಗಲ್ಲ ಬಿಡು."

ಶುಕ್ರವಾರ ಬೆಳಗಿನ ಬ್ರೆಡ್ ಇಳಿಸಿ ಭಟ್ಟಿ ಆರೋಕೆ ಬಿಟ್ವಿ. ಅರೀಬಾ ಮೀಟರ್ ನೋಡ್ಕೊಂಡು ಸಾಕು ಅಂದಾಗ, ಡಬ್ಬಿಗಳನ್ನ ತಟ್ಟೇಲಿ ಜೋಡ್ಸಿ ಒಳಗೆ ತಳ್ಳಿದ್ವಿ. ವೈರು ಬಾಗ್ಲ ಸಂದೀಲಿ ಹೊರಗೆ. ಕತ್ತಲೆ ಒಳಗೆ ಹಸಿರು ದೀಪಗಳು ಮಿಣಮಿಣ ಅಂತಿದ್ವು. ಅವಳು ಮೇಲೆ ಹೋದ್ಲು, ನಾನು ಟೀಗೆ ಹೋದೆ.

ಅಷ್ಟರಲ್ಲಿ ಭಾಯ್ ಜುಮ್ಮಾ ನಮಾಜ್ ಮುಗ್ಸಿ ಬಂದ್ರು. ನಮಾಜಿಗೆ ಬಂದ ಜನ ಸಂಜೆ ಟೀ ಜೊತೆ ಬಿಸಿ ದಿಲ್‌ಪಸಂದ್ ಕೇಳ್ತಾರೆ, ಅದೇ ಕೊಬ್ಬರಿ ಸಕ್ರೆ ತುಂಬಿದ ಬನ್ನು. ಹಂಗಾಗಿ ಪ್ರತಿ ಶುಕ್ರವಾರ ಆರ್ತಿರೋ ಭಟ್ಟಿಗೆ ದಿಲ್‌ಪಸಂದ್ ತಟ್ಟೆ ತಳ್ಳೋದು ಅವರ ಕೈಗೆ ಅಭ್ಯಾಸ. ಒಳಗೆ ಏನಿದೆ ಅಂತ ನೋಡ್ಲೂ ಇಲ್ಲ. ಡಬ್ಬಿಗಳ ಮೇಲಿನ ಹಂತಕ್ಕೆ ತಳ್ಳಿ ಗಲ್ಲಾದಲ್ಲಿ ಕೂತ್ಬಿಟ್ರು.

ಸಂಜೆ ತೆಗೆದ್ರೆ ಒಂದೊಂದು ಡಬ್ಬಿ ತಲೆ ಮೇಲೂ ಮೇಲಿನ ತಟ್ಟೆಯಿಂದ ಸೋರಿದ ಕೊಬ್ಬರಿ ಸಕ್ರೆ, ಟುಟ್ಟಿ ಫ್ರುಟ್ಟಿ.

"ಅಬ್ಬಾ, ಏನಿದು?" ಅಂದ್ಲು ಅರೀಬಾ.

"ಭಟ್ಟಿ ಸುಮ್ನೆ ಕೂತಿತ್ತು ಬೇಟಾ."

"ಸುಮ್ನೆ ಕೂತಿರ್ಲಿಲ್ಲ. ಪರೀಕ್ಷೆ ಬರೀತಿತ್ತು."

ಆದ್ರೆ ದೀಪ ಒಂದೂ ಆರಿರ್ಲಿಲ್ಲ. ಒದ್ದೆ ಬಟ್ಟೇಲಿ ಒರೆಸಿ ರಾಯರಿಗೆ ಕೊಟ್ವಿ, ಅವರು ಖುಷಿಯಾಗಿ ಕಂಬಕ್ಕೆ ಕಟ್ಟಿಸಿದ್ರು.

ವಾರದೊಳಗೆ ರಾಯರು ಒಂದು ಡಬ್ಬಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕ್ಕೊಂಡು ಬಂದ್ರು. ಒಳಗೆಲ್ಲ ಇರುವೆ. ಸಾಲು ಎಷ್ಟುದ್ದ ಅಂದ್ರೆ, ಮುಂದಿನ ಇರುವೆ ಕಂಬದ ತುದೀಲಿದ್ರೆ ಹಿಂದಿಂದು ಇನ್ನೂ ಟಿನ್ ಫ್ಯಾಕ್ಟ್ರಿ ಸಿಗ್ನಲಲ್ಲಿ ನಿಂತಿತ್ತಂತೆ.

"ನೀ ಕೊಟ್ಟಿದ್ದು ಡಬ್ಬಿ ಏನವ್ವ, ಬೆಲ್ಲದ ಪೆಂಟಿ ಏನು?" ಅಂದ್ರು. "ಈ ಆರ್ಡರಿನ ಮಾತು ಇಲ್ಲಿಗೇ ಬಿಡೂಣು."

ಅರೀಬಾ ಚೀಲ ಇಸ್ಕೊಂಡ್ಲು. ಡಬ್ಬಿನ ಮೇಜಿನ ಮೇಲಿಟ್ಟು, ಮುಚ್ಚಳಕ್ಕೆ ಮೂಗು ತಾಗೋ ಹಂಗೆ ಬಗ್ಗಿ ಇರುವೆಗಳನ್ನೇ ನೋಡಿದ್ಲು. ಎಲ್ಲ ಒಂದೇ ಕಡೆ ಹೋಗ್ತಿದ್ವು, ಕೆಳಗೆ ವೈರು ತೂರೋ ತೂತಿನ ರಬ್ಬರ್ ಅಂಚಿಗೆ.

"ಸರ್, ಸಕ್ರೆ ಬಿದ್ದಿದ್ದು ನಮ್ಮ ತಪ್ಪು. ಆದ್ರೆ ಇರುವೆ ನುಗ್ಗೋ ದಾರೀಲಿ ನಾಳೆ ನೀರೂ ನುಗ್ಗುತ್ತೆ. ನಲ್ಲಿ ಕೆಳಗಿಟ್ಟು ನೋಡಿದ್ದೆ, ನನಗೆ ಈ ಸಂದಿ ಸಿಕ್ಕಿರ್ಲಿಲ್ಲ. ಇವು ಹುಡ್ಕಿ ಕೊಟ್ವು. ಒಂದು ಮಳೆ ನೋಡಿ, ಆಮೇಲೆ ಬೇಡ ಅನ್ನಿ."

ಭಾಯ್ ಮೆತ್ತಗೆ ಒಂದು ಬಿಸಿ ದಿಲ್‌ಪಸಂದ್ ತಂದು ರಾಯರ ಕೈಗಿಟ್ರು. ಅದು ಬಾಯಲ್ಲಿದ್ದಾಗ ಇಲ್ಲ ಅನ್ನೋಕಾಗಲ್ಲ, ನಾಲಿಗೆ ಖಾಲಿ ಇರಲ್ಲ.

"ಒಂದ ಮಳಿ," ಅಂದ್ರು ರಾಯರು, ಬೆರಳು ನೆಕ್ಕೊಂಡು.

ಅವತ್ತಿಂದ ನನಗೆ ಹೊಸ ಕೆಲಸ. ಡಬ್ಬಿ ಒಳಗೆ ಸಕ್ರೆ ಪಾಕ ಸವರೋದು, ಮುಚ್ಚೋದು, ಬೇಕರಿ ಹಿಂದಿನ ಇರುವೆ ಗೂಡಿನ ಮುಂದೆ ಇಡೋದು. ಇರುವೆ ಒಳಗೆ ಹೋಯ್ತು ಅಂದ್ರೆ ಅರೀಬಾ ರಬ್ಬರ್ ಬದಲಾಯ್ಸ್ತಿದ್ಲು. ಕೊನೆಗೊಂದು ದಿನ ಇರುವೆಗಳು ಸುತ್ತಾ ಸುತ್ತಿ ಸುತ್ತಿ ವಾಪಸ್ ಹೋದ್ವು. ಒಂದು ಮುದಿ ಇರುವೆ ಹೋಗೋವಾಗ ನನ್ ಕಡೆ ತಿರುಗಿ ಗುರಾಯಿಸ್ತು, ನನ್ ಮೊಮ್ಮಗನ ಆಣೆ. ಅದೇ ರಬ್ಬರ್ ಹಾಕಿ ಡಬ್ಬಿಗಳನ್ನ ಮತ್ತೆ ಕಂಬ ಹತ್ತಿಸಿದ್ವಿ.

ಆಮೇಲೆ ಮಳೆ ಬಂತು. ಕೆ.ಆರ್. ಪುರದಲ್ಲಿ ಮೀನುಗಳು ಬಸ್‌ಸ್ಟಾಪಲ್ಲಿ ಬಸ್ಸಿಗೆ ಕಾಯ್ತಿದ್ವಂತೆ, ಅಂಥ ಮಳೆ. ಭಾಯ್ ಮುಖ ಬೇರೆ ಕಡೆ ಮಾಡ್ಕೊಂಡು, "ಮುನೀ, ಮೂಟೆ ಮೇಲೆ ತಗೊಂಡು ಹೋಗು" ಅಂದ್ರು. ಅರೀಬಾ ಒಂದು ಮೇಜು ಖಾಲಿ ಮಾಡಿ ಗೋಡೆಗೆ ತಳ್ತಿದ್ಲು. ನಾನು ಮೈದಾ ಮೂಟೆ ಹೊತ್ಕೊಂಡು ಅರ್ಧ ಮೆಟ್ಲು ಹತ್ತಿದ್ದೆ, ಅವಳ ಫೋನ್ ಬಡೀತು. ರಾಯರ ವಿಡಿಯೋ ಕಾಲ್. ಕೊಡೆ ಕೆಳಗಿಂದ ಫೋನ್ ಮೇಲಕ್ಕೆತ್ತಿ ಕಂಬ ತೋರಿಸಿದ್ರು. ಸುರಿಯೋ ನೀರಲ್ಲಿ ಹಸಿರು ದೀಪ. ಮುಂದಿನ ಕಂಬ, ಅಲ್ಲೂ ಹಸಿರು. ಅದರ ಮುಂದಿಂದೂ.

"ಎಲ್ಲಾ ಕಂಬ ನಿನಗವ್ವ," ಅಂದ್ರು ಕೊನೆಗೆ.

"ಮುನೀ," ಅಂದ್ರು ಭಾಯ್ ಕೆಳಗಿಂದ, "ಮೂಟೆ ಇಳಿಸ್ಕೊಂಡು ಬಾ. ನೆನೀಲಿ."

ಈಗ ಕಂಪ್ನಿ ಹೊರಮಾವಲ್ಲಿದೆ, ನಾಲ್ಕು ಮಹಡಿ. ಕಾವಿಗೊಂದು ಮೆಷಿನ್, ನೀರಿಗೊಂದು ಮೆಷಿನ್. ಅವೆರಡೂ ಪಾಸ್ ಅಂದ್ಮೇಲೂ ಡಬ್ಬಿ ನನ್ ರೂಮಿಗೆ ಬರ್ಲೇಬೇಕು. ಕತ್ತಲ್ಲಿ ಐಡಿ ಕಾರ್ಡ್ ಹಾಕ್ಕೊಂಡು ಕೂತಿರ್ತೀನಿ, ಲಕ್ಷಗಟ್ಟಲೆ ಸ್ಟಾಫು ನನ್ ಕೈ ಕೆಳಗೆ, ಒಂದೂ ರಜಾ ಕೇಳಲ್ಲ. ಇಂದಿರಾನಗರದ ದೊಡ್ಡ ಬೇಕರಿ ಕೇಕ್ ಇಟ್ಟು ನೋಡಿದ್ವಿ, ಒಂದು ಇರುವೆನೂ ಮೂಸ್ಲಿಲ್ಲ. ಹಂಗಾಗಿ ಪ್ರತಿ ಶುಕ್ರವಾರ ನಮಾಜ್ ಮುಗ್ಸಿ ಭಾಯ್ ತಾವೇ ದಿಲ್‌ಪಸಂದ್ ತಟ್ಟೆ ಹಿಡ್ಕೊಂಡು ಬರ್ತಾರೆ. ಗೇಟಲ್ಲಿ ಸೆಕ್ಯೂರಿಟಿ, "ಯಾರನ್ನ ನೋಡ್ಬೇಕು ಸಾರ್?" ಅಂತ ಕೇಳಿದ್ರೆ, ಮಗಳ ಹೆಸರು ಹೇಳಲ್ಲ.

"ನನ್ ಗಿರಾಕಿಗಳನ್ನ," ಅಂತಾರೆ.