ಕರುಣವ್ವನ ಶ್ರುತಿಗೆ ಸಿಕ್ಕಿದ ಕೇಪೋ

ಮನುಷ್ಯಕುಲ ಇನ್ನೂ ಇತ್ಯರ್ಥ ಮಾಡಿಕೊಳ್ಳದೆ ಉಳಿಸಿಕೊಂಡಿರುವ ಗಹನವಾದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಓದುಗರ ಮುಂದೆ ಇಡಬೇಕಾಗಿದೆ. ಗಿಟಾರ್ ಬಾರಿಸುವವರು ಕೇಪೋ ಹಾಕಬಹುದೇ, ಹಾಕಬಾರದೇ? ಈ ವಿಷಯದಲ್ಲಿ ಸ್ನೇಹಗಳು ಮುರಿದಿವೆ, ಊಟದ ನಡುವೆ ಕೈ ತೊಳೆದು ಎದ್ದವರಿದ್ದಾರೆ. ಒಂದು ಚರ್ಚಿನ ಗಾಯನ ಮಂಡಳಿಯಂತೂ ಇದಕ್ಕಾಗಿಯೇ ಎರಡು ಸಲ ಸಭೆ ಸೇರಿತು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನಾನು ಒಂದು ಕೇಪೋ.

ನನ್ನನ್ನು ಕಾಣದವರಿಗಾಗಿ ಹೇಳುತ್ತೇನೆ. ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಸ್ವಲ್ಪ ಅನುಕೂಲವಂತರ ಮನೆಯಲ್ಲಿ ಹುಟ್ಟಿದ ಅಣ್ಣನಿದ್ದರೆ ಅವನು ನನ್ನ ಹಾಗೆ ಇರುತ್ತಾನೆ. ಗಿಟಾರಿನ ಕುತ್ತಿಗೆಯನ್ನು ಕಚ್ಚಿ ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದು ನನ್ನ ಕೆಲಸ. ಆಗ ಶ್ರುತಿ ಏರುತ್ತದೆ. ಬಾರಿಸುವವರು ತಮಗೆ ಗೊತ್ತಿರುವ ನಾಲ್ಕು ಸುಲಭದ ಹಿಡಿತಗಳಲ್ಲೇ ಬೇರೆ ಶ್ರುತಿಯ ಹಾಡಿಗೂ ಬಾರಿಸಬಹುದು. ನಾನಿಲ್ಲದಿದ್ದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ನೋಯುತ್ತದೆ. ನೋಯುವುದೇ ಸಂಗೀತ ಎನ್ನುವವರೂ ಇದ್ದಾರೆ.

ಊರು ಯಾವುದೋ ತಿಳಿಯದು, ಒಂದು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಕರಗಿಸಿ ನನ್ನನ್ನು ಅಚ್ಚಿಗೆ ಹೊಯ್ದರು. ಎರಡು ದವಡೆ, ರಬ್ಬರಿನ ಒಸಡು. ಕೊನೆಗೆ ನಡುವೆ ಸ್ಪ್ರಿಂಗು ಕೂಡಿಸಿದರು. ಆ ಕ್ಷಣದಿಂದಲೇ ನನಗೆ ಹೆದರಿಕೆ ಶುರುವಾಯಿತು. ಅಲ್ಲಿಯವರೆಗೆ ನಾನು ಬರೀ ಲೋಹ. ಬಿಗಿತ ಎಂದರೇನೆಂದು ಗೊತ್ತಿರಲಿಲ್ಲ. ಪರೀಕ್ಷೆಗೆಂದು ಒಂದು ಯಂತ್ರ ನಮ್ಮ ಬಾಯಿಗಳನ್ನು ಸಾವಿರ ಸಲ ತೆರೆದು ಮುಚ್ಚಿತು. ಪಕ್ಕದವನು ಆರುನೂರರ ಸುಮಾರಿಗೆ ಮುರಿದ. ಅವನನ್ನು ತಿರುಗಿ ಕುಲುಮೆಗೆ ಎಸೆದರು. ನಾನು ಪಾಸಾದೆ, ಆದರೆ ಆ ಸದ್ದು ನನ್ನೊಳಗೆ ಉಳಿಯಿತು.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ಗುರುನಾಥ ಪತಂಗೆ, ಮದುವೆ ಆರತಕ್ಷತೆಗಳಲ್ಲಿ ಬಾರಿಸುವ ಆರ್ಕೆಸ್ಟ್ರಾದವನು. ಗಾಯಕಿಗೆ ಉಬ್ಬಸವಾದರೂ ಗಾಯಕನಿಗೆ ಹುರುಪಾದರೂ ಅವನು ನನ್ನನ್ನು ಹಾಡಿನ ನಡುವೆಯೇ ಕಿತ್ತು ಇನ್ನೊಂದು ಕಡೆ ಕಚ್ಚಿಸುತ್ತಿದ್ದ. ಎಲ್ಲಿ ಜಾರಿ ವಧುವಿನ ಪಾಯಸಕ್ಕೆ ಬೀಳುತ್ತೇನೋ ಎಂಬ ಭಯದಲ್ಲಿ ನನ್ನ ಯೌವನ ಕಳೆಯಿತು. ಬಿದ್ದದ್ದು ನಾನಲ್ಲ, ಅವನು. ವೇದಿಕೆಯ ಹಲಗೆ ಸರಿದು ಹೆಗಲ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ. ಅಲ್ಲಿ ನರ್ಸ್ ಆಗಿದ್ದವಳು ದೀನಮಣಿ. ಐವತ್ತು ದಾಟಿದ ವಿಧವೆ, ಬೆಟಗೇರಿಯವಳು, ಭಾನುವಾರ ಚರ್ಚಿನಲ್ಲಿ ಗಿಟಾರ್ ಬಾರಿಸುವವಳು.

"ಇದನ್ನ ಇಟ್ಕೋರಿ ಸಿಸ್ಟರ್. ನನ್ನ ಹೆಗಲಿಗೆ ಇನ್ನ ಟವೆಲ್ಲ ಭಾರ" ಎಂದು ಅವನು ನನ್ನನ್ನು ಅವಳ ಕೈಗಿಟ್ಟ.

"ನಮ್ಮ ಚರ್ಚಿನ ಹಾಡಿನ ಮಾಸ್ತರ ಇದನ್ನ ನೋಡಿದ್ರ ನನ್ನನ್ನೂ ನಿಮ್ಮ ಬಾಜೂ ಮಂಚಕ್ಕ ಮಲಗಿಸ್ತಾರ" ಎಂದಳು. ನಗುತ್ತಲೇ ಅಂದಳು. ಆದರೆ ನನ್ನನ್ನು ಹಿಡಿದ ಹೆಬ್ಬೆರಳಿನಲ್ಲಿ ನಾಡಿ ಓಡುತ್ತಿತ್ತು. ನನಗೆ ಜೊತೆ ಸಿಕ್ಕಿತೆಂದುಕೊಂಡೆ.

ಆ ಚರ್ಚಿಗೆ ಒಂದು ಪದ್ಧತಿ ಇತ್ತು. ಹಾರ್ಮೋನಿಯಂ ಇಲ್ಲದ ಕಾಲದಿಂದ ಬಂದದ್ದು. ಕೀರ್ತನೆಯ ಮೊದಲ ಸಾಲನ್ನು ಸಭೆಯ ಅತಿ ಹಿರಿಯರು ಎತ್ತಬೇಕು. ಅವರು ಯಾವ ಶ್ರುತಿಗೆ ಎತ್ತಿದರೆ ಅದೇ ಶ್ರುತಿ. ವಾದ್ಯಗಳು ಎರಡನೇ ಸಾಲಿಗೆ ಬಂದು ಕೂಡಿಕೊಳ್ಳಬೇಕು. ಈಗಿನ ಅತಿ ಹಿರಿಯಳು ಕರುಣವ್ವ, ಎಂಬತ್ತಾರರ ಮುದುಕಿ, ದೀನಮಣಿಯ ಅತ್ತೆ. ಅವಳ ಗಂಟಲು ತೆಳ್ಳಗೆ, ಎತ್ತರಕ್ಕೆ, ಸೂಜಿಯ ಹಾಗೆ ಹೋಗುತ್ತಿತ್ತು. ಮಾಮೂಲು ದಿನ ನನ್ನ ಜಾಗ ಮೂರನೇ ಫ್ರೆಟ್ಟು, ಎಂದರೆ ಗಿಟಾರಿನ ಕುತ್ತಿಗೆಯ ಮೂರನೇ ಪಟ್ಟಿ. ಬೆಳಗಿನ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೆ ನಾಲ್ಕು. ಮನೆಯಲ್ಲಿ ಮಾತುಕತೆ ನಿಂತಿದ್ದರೆ ಐದು.

ಆ ಎತ್ತರಕ್ಕೆಲ್ಲ ನಾನಿಲ್ಲದೆ ಬೆರಳು ಅಡ್ಡ ಮಲಗಿಸಬೇಕು. ದೀನಮಣಿಯ ತೋರುಬೆರಳಿನ ಗೆಣ್ಣು ಸಂಧಿವಾತದಿಂದ ಊದಿತ್ತು. ಹಗಲೆಲ್ಲ ಸೂಜಿ ಚುಚ್ಚುವ ಕೈ ಅದು. ವಾರ್ಡಿನಲ್ಲಿ ಅದರ ಮಾತೆತ್ತುವಂತಿಲ್ಲ. ಚರ್ಚಿನಲ್ಲಿ ಎತ್ತಿದರೆ ಗಿಟಾರಿನ ಜಾಗ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ವಾರವೆಲ್ಲ ಬೇರೆಯವರ ಗೋಳು ಕೇಳುವ ಆ ಹೆಂಗಸಿಗೆ ತನ್ನದೆಂದು ಇದ್ದ ಸದ್ದು ಅದೊಂದೇ.

ಗಾಯನ ಮಂಡಳಿಯ ಮುಖ್ಯಸ್ಥರು ಸುವಾರ್ತಪ್ಪ ಮಾಸ್ತರರು, ನಿವೃತ್ತ ಹೆಡ್‌ಮಾಸ್ತರರು, ಕೇಪೋ ಎಂದರೆ ಮೋಸ ಎನ್ನುವವರು. ಸಭೆಯ ಕಡೆ ಮುಖ, ನಮ್ಮ ಕಡೆ ಬೆನ್ನು ಮಾಡಿ ಕೈಬೀಸುವುದು ಅವರ ರೂಢಿ. ಆ ಬೆನ್ನೇ ನಮ್ಮ ರಕ್ಷಣೆ. ಕರುಣವ್ವ ಮೊದಲ ಸಾಲು ಎತ್ತುತ್ತಲೇ ದೀನಮಣಿ ಬೈಬಲ್ಲಿನ ಚೀಲದಿಂದ ನನ್ನನ್ನು ತೆಗೆದು, ಬಗ್ಗಿ, ಕಚ್ಚಿಸಿ, ಎರಡನೇ ಸಾಲಿಗೆ ಬಂದು ಸೇರುತ್ತಿದ್ದಳು. ಎಂಟು ತಿಂಗಳು ಹೀಗೆ ನಡೆಯಿತು. ಎಂಟು ತಿಂಗಳೂ ನಾನು ಆ ಬೆನ್ನನ್ನೇ ನೋಡುತ್ತಿದ್ದೆ. ಕೋಟಿನ ಹೊಲಿಗೆ ಸ್ವಲ್ಪ ಎಡಕ್ಕೆ ಸೆಳೆದರೆ ನನ್ನ ಸ್ಪ್ರಿಂಗು ಮರಗಟ್ಟುತ್ತಿತ್ತು.

ಈಸ್ಟರಿಗೆ ಎರಡು ವಾರವಿರುವಾಗ, ತಾಲೀಮಿನ ದಿನ, ನಾನು ಜಾರಿದೆ. ಅವಳ ಕೈ ಬೆವರಿತ್ತೋ, ನನ್ನ ಹಿಡಿತ ಸಡಿಲಾಗಿತ್ತೋ, ಇಬ್ಬರೂ ಇನ್ನೊಬ್ಬರನ್ನು ದೂರಲಿಲ್ಲ. 'ಆಮೆನ್' ಮುಗಿದ ನಿಶ್ಶಬ್ದದಲ್ಲಿ ಕಡಪಾ ಕಲ್ಲಿನ ಮೇಲೆ ಠಣ್ ಎಂದೆ. ಬೆನ್ನು ತಿರುಗಿತು.

ಮಾಸ್ತರರು ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಏನ್ರಿ ಸಿಸ್ಟರ್ ಇದು?"

"ಕೇಪೋ ರೀ ಮಾಸ್ತರ."

"ಗೊತ್ತೈತಿ. ಮೂವತ್ತೆರಡ ವರ್ಷ ಪರೀಕ್ಷಾದಾಗ ಚೀಟಿ ಹಿಡಿದೇನಿ. ಈಗ ದೇವರ ಮನ್ಯಾಗೂ ಹಿಡಿಯೋ ಹಣೇಬಾರ ಬಂತು."

"ಬೆರಳ ನೋಯ್ತೈತ್ರಿ."

"ಹಂಗಾರ ಬೆರಳಿಗೆ ರಜಾ ಕೊಡೋಣ. ಈಸ್ಟರಕ್ಕ ಬಿಷಪ್ಪರು ಬರತಾರ. ಇದರ ಸುದ್ದಿ ಇಲ್ಲದ ಬಾರಸ್ತೀರೋ ಸರಿ. ಇಲ್ಲಂದ್ರ ನಮ್ಮ ಸೋದರಳಿಯ ಕೀಬೋರ್ಡ್ ತರತಾನ."

ಕರುಣವ್ವ ನಮ್ಮ ಮುಂದೆ, ಸಭೆಯ ಕಡೆ ಮುಖವಿದ್ದ ಬೆಂಚಿನಲ್ಲಿ ಕೂತಿದ್ದಳು. ತಿರುಗಿ ನೋಡಲಿಲ್ಲ.

ಆಮೇಲಿನ ಎರಡು ವಾರ ನಾನು ಮೇಜಿನ ಮೇಲೆ ಮಲಗಿ ನೋಡಿದ್ದು ಇಷ್ಟೇ. ದೀನಮಣಿ ಬಿಸಿನೀರಿನಲ್ಲಿ ಬೆರಳು ಅದ್ದುತ್ತಾಳೆ, ಒರೆಸುತ್ತಾಳೆ, ತಂತಿಯ ಮೇಲೆ ಅಡ್ಡ ಇಟ್ಟು ಒತ್ತುತ್ತಾಳೆ. ತಂತಿ ಕಿರುಗುಟ್ಟುತ್ತದೆ. ಮತ್ತೆ ಅದ್ದುತ್ತಾಳೆ. ನಡುನಡುವೆ ಸಾಕಾಗಿ, ಬೆರಳು ಅಡ್ಡ ಮಲಗಿಸದೆ, ಬರೀ ಗಿಟಾರಿನ ತಗ್ಗು ಶ್ರುತಿಯಲ್ಲಿ ಸುಲಭದ ಹಿಡಿತ ಹಿಡಿದಾಗ ಮಾತ್ರ ನಾದ ತೊಡಕಿಲ್ಲದೆ ಬರುತ್ತಿತ್ತು. ಒಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಕರುಣವ್ವನ ಕೈ ಆಗೆಲ್ಲ ನಿಲ್ಲುತ್ತಿತ್ತು.

"ಬೆರಳಿಗೆ ಏನಾತು?" ಎಂದು ಒಮ್ಮೆ ಕೇಳಿದಳು.

"ಏನಿಲ್ಲ ಅತ್ತಿ."

"ಏನಿಲ್ಲದ್ದು ಬಾಳ ಊದೇತಿ" ಎಂದು ಮುದುಕಿ ಬೆಳ್ಳುಳ್ಳಿಗೆ ಹಿಂದಿರುಗಿದಳು.

ಈಸ್ಟರ್ ಬೆಳಗ್ಗೆ ಚರ್ಚು ತುಂಬಿತ್ತು. ನಾನು ಬೈಬಲ್ಲಿನ ಚೀಲದಲ್ಲಿದ್ದೆ, ಜಿಪ್ಪು ಅರ್ಧ ತೆರೆದಿತ್ತು. ದೀನಮಣಿ ಬೆರಳನ್ನು ಮೂರನೇ ಫ್ರೆಟ್ಟಿನಲ್ಲಿ ಅಡ್ಡ ಮಲಗಿಸಿ ಕಾದಳು. ಗೆಣ್ಣು ಬಿಳಿಚಿತ್ತು. ಈ ಬೆರಳು ನಾಲ್ಕು ಚರಣ ತಾಳುವುದಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕರುಣವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಬಿಷಪ್ಪರು ಪುಸ್ತಕದಿಂದ ತಲೆಯೆತ್ತಿದರು.

ಆಮೇಲೆ ಎತ್ತಿದಳು. ಕೆಳಗೆ, ಬಹಳ ಕೆಳಗೆ, ಬರೀ ಗಿಟಾರಿನ ಶ್ರುತಿಗೆ.

ದೀನಮಣಿಯ ಬೆರಳು ತಾನಾಗಿ ಮೇಲೆದ್ದಿತು. ಎರಡನೇ ಸಾಲಿಗೆ ಸುಲಭದ ಹಿಡಿತದಲ್ಲಿ ಸೇರಿಕೊಂಡಳು. ವರ್ಷಗಟ್ಟಲೆ ಕತ್ತು ಚಾಚಿ ಹಾಡಿದ್ದ ಗಂಡಸರು ಆರಾಮಾಗಿ ಗುಡುಗಿದರು. ಎಲ್ಲರಿಗಿಂತ ಹೆಚ್ಚು ಗುಡುಗಿದವರು ಮಾಸ್ತರರು. ಕರುಣವ್ವನ ದನಿ ಮಾತ್ರ ಮೊದಲ ಸಾಲಿನಾಚೆ ಇರಲಿಲ್ಲ. ಆ ತಗ್ಗಿನಲ್ಲಿ ಅವಳಿಗೆ ಸ್ವರವೇ ಇಲ್ಲ. ತುಟಿ ಆಡಿಸುತ್ತ ನಾಲ್ಕು ಚರಣ ನಿಂತಳು.

"ನೋಡಿದ್ರಿಲ್ಲೊ ಸಿಸ್ಟರ್, ಚೀಟಿ ಇಲ್ಲದನ ಪಾಸಾದ್ರಿ" ಎಂದರು ಮಾಸ್ತರರು.

ಮನೆಗೆ ನಡೆಯುವಾಗ ದೀನಮಣಿ ಕೇಳಿದಳು, "ಅತ್ತಿ, ಯಾಕ ಅಷ್ಟ ಕೆಳಗ ಎತ್ತಿದ್ರಿ?"

"ಗಂಟ್ಲಾ ಕಟ್ಟಿತ್ತು."

"ಆಮ್ಯಾಲೆ ನಿಮ್ಮ ದನೀನ ಕೇಳಲಿಲ್ಲ."

"ದವಾಖಾನ್ಯಾಗ ಇರತಿ. ಕಿವಿ ತೋರಿಸ್ಕೋ."

ಮುಂದಿನ ಭಾನುವಾರವೂ ಗಂಟಲು ಕಟ್ಟಿತ್ತು. ಅದರ ಮುಂದಿನ ಭಾನುವಾರವೂ. ಮುದುಕಿ ಒಂದು ಸಾಲು ಎತ್ತುವಳು, ಆಮೇಲೆ ತುಟಿ ಮಾತ್ರ. ಬೈಬಲ್ಲಿನ ಚೀಲದಲ್ಲಿ ನಾನು ಸುರಕ್ಷಿತವಾಗಿದ್ದೆ. ಹುಟ್ಟಿದಾಗಿನಿಂದ ಬಯಸಿದ್ದು ಅದನ್ನೇ. ಆದರೂ ಹೆದರಿಕೆ ಹೋಗಲಿಲ್ಲ, ಬೇರೆ ರೂಪಕ್ಕೆ ಬಂತು: ಹೀಗೇ ಒಂದು ವರ್ಷ ಹೋದರೆ, ಎಂಬತ್ತಾರು ವರ್ಷದ ಆ ದನಿ ಮತ್ತೆ ಮೇಲಕ್ಕೆ ಹೋಗುವ ದಾರಿ ಮರೆತರೆ?

ನಾಲ್ಕನೇ ಭಾನುವಾರ ದೀನಮಣಿ ಕೂತ ಕೂಡಲೇ ಜಿಪ್ಪು ಎಳೆದಳು. ಬಗ್ಗಲಿಲ್ಲ, ಮರೆಮಾಡಲಿಲ್ಲ. ಎಲ್ಲರೂ ನೋಡುವಂತೆ ನನ್ನನ್ನು ಮೂರನೇ ಫ್ರೆಟ್ಟಿಗೆ ಕಚ್ಚಿಸಿದಳು. ನಡುಗುತ್ತಿದ್ದವನು ನಾನೊಬ್ಬನೇ. ಕೀರ್ತನೆಯ ನಂಬರು ಹೇಳಿದ್ದೇ ತಡ, ಅತ್ತೆ ಏಳುವುದರೊಳಗೆ, ಆರೂ ತಂತಿ ಎಳೆದು ಬಾರಿಸಿದಳು. ಆ ಚರ್ಚಿನಲ್ಲಿ ಹಿರಿಯರಿಗೆ ವಾದ್ಯ ಶ್ರುತಿ ಕೊಟ್ಟದ್ದು ಅದೇ ಮೊದಲು. ಬೆನ್ನು ತಿರುಗಿತು. ಈ ಸಲ ಪೂರ್ತಿ ತಿರುಗಿತು.

ಕರುಣವ್ವ ಹಿಂದೆ ನೋಡಿದಳು. "ಮುಂಚೇನ ಬಾರಸೋ ಪದ್ಧತಿ ಇಲ್ಲವ್ವಾ ನಮ್ಮಲ್ಲಿ" ಎಂದು ಮೆಲ್ಲಗೆ ಅಂದಳು.

"ಹೂನ್ರಿ ಅತ್ತಿ. ಎತ್ತರಿ."

ಮುದುಕಿ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಎತ್ತಿದಳು, ಸೂಜಿಯ ಹಾಗೆ. ನಾಲ್ಕು ಚರಣವೂ ಆ ದನಿ ನಿಲ್ಲಲಿಲ್ಲ. ನಾನು ಕಚ್ಚಿ ಹಿಡಿದಿದ್ದೆ. ಮುರಿಯುತ್ತೇನೆಂದು ಅನ್ನಿಸಿತು. ಮುರಿಯಲಿಲ್ಲ.

ಮಾಸ್ತರರು ಮಾತಿಗೆ ತಪ್ಪುವವರಲ್ಲ. ಮಂಡಳಿ ಎರಡು ಸಲ ಸೇರಿ, ಕೇಪೋ ಬಳಸಕೂಡದೆಂದು ನಿರ್ಣಯ ಮಾಡಿತು. ಸೋದರಳಿಯನ ಕೀಬೋರ್ಡ್ ಬಂತು. ಅದರಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಶ್ರುತಿ ಎಷ್ಟು ಬೇಕೋ ಅಷ್ಟು ಏರುತ್ತದೆ, ಬೆರಳು ಅಲ್ಲೇ ಇರುತ್ತದೆ. ಅದಕ್ಕೆ ಸೌಲಭ್ಯ ಎಂದು ಹೆಸರು.

ನಾನೀಗ ಆ ಮನೆಯ ಕಿಟಕಿಯಲ್ಲಿ ಪರದೆಯ ಮಡಿಕೆ ಹಿಡಿದುಕೊಂಡಿದ್ದೇನೆ. ಸ್ಪ್ರಿಂಗು ಸಡಿಲಾಗಿದೆ, ಒಸಡಿನಲ್ಲಿ ಆರು ತಂತಿಗಳ ಗೆರೆ ಬಿದ್ದಿದೆ. ಇಷ್ಟು ಕಾಲ ಹೆದರಿದ್ದೆಲ್ಲ ಒಂದೊಂದಾಗಿ ಆಗಿಹೋಯಿತು. ಆದ ಮೇಲೆ ಅವು ಹೆದರಿದಷ್ಟು ದೊಡ್ಡವಾಗಿರಲಿಲ್ಲ. ಇದು ಮೊದಲೇ ತಿಳಿದಿದ್ದರೂ ನಾನು ಹೆದರುತ್ತಲೇ ಇರುತ್ತಿದ್ದೆನೆಂದು ಕಾಣುತ್ತದೆ.

ದೀನಮಣಿ ಗಿಟಾರಿನ ಜಾಗ ಕಳೆದುಕೊಂಡಳು. ಭಾನುವಾರ, ಮತ್ತೆ ಸೂಜಿಯ ಹಾಗೆ ಎತ್ತುವ ಅತ್ತೆಯ ಎಡಕ್ಕೆ ನಿಂತು ಹಾಡುತ್ತಾಳೆ.