ದೊಡ್ಡಪ್ಪನ ವಿಮಾನದ ಮುರಿದ ಕೊಳವೆ

ಅಪಘಾತ ಎಲ್ಲೇ ಆಗಲಿ, ಜನ ಮೊದಲು ಓಡುತ್ತಾರೆ, ಆಮೇಲೆ ಕೈಗೆ ಸಿಕ್ಕಿದ್ದು ಎತ್ತಿಕೊಳ್ಳುತ್ತಾರೆ, ಕೊನೆಗೆ ಬಾಯಿಗೆ ಬಂದದ್ದು ಆಡುತ್ತಾರೆ. ನಮ್ಮ ಬೀದಿಯೂ ಇದಕ್ಕೆ ಹೊರತಾಗಿರಲಿಲ್ಲ.

ನನ್ನ ದೊಡ್ಡಪ್ಪ ಬೇಕರಿ ನಡೆಸುತ್ತಿದ್ದರು. ನಾನು ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದೆ. ವಾರವಿಡೀ ಒಲೆಯ ಮುಂದೆ ಬೇಯುತ್ತಿದ್ದ ಅವರು ಭಾನುವಾರ ಬೆಳಿಗ್ಗೆ ಮಾತ್ರ ಊರಾಚೆಯ ಕ್ಲಬ್ಬಿನ ಮೈದಾನಕ್ಕೆ ಹೋಗಿ ತಮ್ಮ ಮೈಕ್ರೋಲೈಟ್ ಹಾರಿಸುತ್ತಿದ್ದರು. ಇಬ್ಬರು ಕೂರುವಷ್ಟು ಪುಟ್ಟ ವಿಮಾನ ಅದು. ಲೋಹದ ಕೊಳವೆಗಳ ಮೇಲೆ ಬಟ್ಟೆ ಬಿಗಿದ ರೆಕ್ಕೆ. “ಇದು ವಿಮಾನ ಅಲ್ಲ ಕಣೇ, ರೆಕ್ಕೆ ಬಂದ ಸ್ಕೂಟರು” ಎಂದು ಅವರೇ ನಗುತ್ತಿದ್ದರು. ಮೈಯಿಂದ ಮಾತ್ರ ಆಕಾಶದಲ್ಲೂ ಬ್ರೆಡ್ಡಿನ ವಾಸನೆ ಹೋಗುತ್ತಿರಲಿಲ್ಲವಂತೆ.

ಮಹಡಿಯ ಮೇಲೆ ಬಟ್ಟೆ ಒಣಹಾಕುವ ಹೊತ್ತಿಗೆ ಹೊಲಿಗೆ ಯಂತ್ರದಂಥ ಸದ್ದು ಕೇಳಿಸುತ್ತಿತ್ತು. ನಮ್ಮ ಮನೆಯ ಮೇಲೆ ಬಂದಾಗ ದೊಡ್ಡಪ್ಪ ರೆಕ್ಕೆಯನ್ನು ಒಮ್ಮೆ ಆಚೀಚೆ ಓಲಾಡಿಸುತ್ತಿದ್ದರು. ದೊಡ್ಡಮ್ಮ ಒದ್ದೆ ಟವೆಲ್ ಬೀಸುತ್ತಿದ್ದರು. ಮದುವೆಯಾಗಿ ಮೂರು ದಶಕ ಕಳೆದ ಆ ಇಬ್ಬರ ಸಲ್ಲಾಪ ಅದು. ಈಗಲೂ ಭಾನುವಾರದ ಬಿಸಿಲು ಮಹಡಿಗೆ ಬಿದ್ದರೆ ನನ್ನ ಕಿವಿ ತಾನಾಗಿ ಆ ಸದ್ದನ್ನು ಹುಡುಕುತ್ತದೆ.

ಅಂಥದ್ದೇ ಒಂದು ಭಾನುವಾರ, ನಮ್ಮ ಮನೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ವಿಮಾನದ ಎಡರೆಕ್ಕೆ ಕೊಡೆಯಂತೆ ಮಡಚಿಕೊಂಡಿತು. ಇಟ್ಟಿಗೆ ಗೂಡಿನ ಪಕ್ಕದ ಹೊಲಕ್ಕೆ ಬಿತ್ತು. ಗೂಡಿನ ಕೆಲಸಗಾರರು ದೊಡ್ಡಪ್ಪನನ್ನು ಹೊರಗೆಳೆದು ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಲಿಲ್ಲ.

ಸಂಜೆಯಾಗುವಷ್ಟರಲ್ಲಿ ಅರ್ಧ ವಿಮಾನ ಊರೊಳಗೆ ಸೇರಿತ್ತು. ರೆಕ್ಕೆಯ ಬಟ್ಟೆ ಒಬ್ಬರ ಸ್ಕೂಟರಿಗೆ ಹೊದಿಕೆಯಾಯಿತು, ಚಕ್ರ ಯಾರದೋ ತಳ್ಳುಗಾಡಿಗೆ ಹೋಯಿತು. ನನ್ನ ಅಪ್ಪ ಅಣ್ಣನ ನೆನಪಿಗೆಂದು ಒಂದು ಮುರಿದ ಕೊಳವೆ ತಂದಿಟ್ಟುಕೊಂಡರು. ಮಾತಂತೂ ರೆಕ್ಕೆಪುಕ್ಕ ಕಟ್ಟಿಕೊಂಡು ಹರಡಿತು. ವಯಸ್ಸಾಗಿತ್ತು, ತೂಕಡಿಸಿರಬೇಕು ಎಂದರು ಕೆಲವರು. ಜನ ನೋಡಲಿ ಅಂತ ಸರ್ಕಸ್ ಮಾಡಲು ಹೋಗಿ ಬಿದ್ದರು ಎಂದರು ಇನ್ನು ಕೆಲವರು. ದೊಡ್ಡಮ್ಮ ಮಹಡಿಗೆ ಹೋಗುವುದನ್ನೇ ಬಿಟ್ಟರು.

ವಿಮಾನ ಅಪಘಾತಗಳ ತನಿಖಾಧಿಕಾರಿ ಊರಿಗೆ ಬಂದಿದ್ದಾರೆಂದು ಕೇಳಿದ ಅಪ್ಪ, ಯಾರೂ ಅವರ ಹತ್ತಿರ ಬಾಯಿ ಬಿಡಬಾರದೆಂದು ಮನೆಯವರಿಗೆಲ್ಲ ಹೇಳಿಬಿಟ್ಟರು. ಸತ್ತವರು ಎದುರಾಡುವುದಿಲ್ಲ, ಅವರ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ ಎಂಬುದು ಅವರ ವಾದ.

ಪಕ್ಕದ ಮನೆಯ ನರ್ಸಕ್ಕ ಡ್ಯೂಟಿ ಮುಗಿಸಿ ದೊಡ್ಡಮ್ಮನನ್ನು ನೋಡಲು ಬಂದಾಗ, ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಅರ ಹಿಡಿದು ಕೂತಿದ್ದರು. ಕೊಳವೆಯ ಮುರಿದ ಅಂಚು ಕೈಗೆ ಚುಚ್ಚುತ್ತದೆ, ಉಜ್ಜಿ ನುಣ್ಣಗೆ ಮಾಡಿ ಫೋಟೋದ ಕೆಳಗಿಡಬೇಕು ಎಂದರು.

“ಅಣ್ಣ, ಅರ ಕೆಳಗಿಡಿ” ಎಂದರು ನರ್ಸಕ್ಕ. “ಅದು ಹೇಗೆ ಮುರೀತು ಅಂತ ಆ ಅಂಚೇ ಹೇಳಬೇಕು. ಅದನ್ನ ಉಜ್ಜಿಬಿಟ್ರೆ ನಿಮ್ಮಣ್ಣನ ಪರವಾಗಿ ಮಾತಾಡೋಕೆ ಏನು ಉಳಿಯುತ್ತೆ?”

“ಅವರು ತಪ್ಪು ಹೊರಿಸೋಕೆ ಬಂದಿರೋದು.”

“ನಮ್ಮ ವಾರ್ಡಲ್ಲಿ ಯಾರಾದ್ರೂ ಹಠಾತ್ತನೆ ಹೋದ್ರೆ ನಾವೂ ಕಾರಣ ಹುಡುಕ್ತೀವಿ. ಯಾರನ್ನೋ ಬೈಯೋಕಲ್ಲ, ಪಕ್ಕದ ಹಾಸಿಗೆಯವರು ಉಳೀಲಿ ಅಂತ. ಇದೂ ಹಾಗೇ.”

“ಅಣ್ಣನದೇ ತಪ್ಪು ಅಂತ ಬಂದ್ರೆ?”

ನರ್ಸಕ್ಕ ಸುಳ್ಳು ಸಮಾಧಾನ ಹೇಳಲಿಲ್ಲ. ಹಾಗೂ ಬರಬಹುದು ಎಂದರು. ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದ ದೊಡ್ಡಮ್ಮ ಮೆಲ್ಲಗೆ ಹೇಳಿದರು: “ತಪ್ಪೇ ಆಗಿದ್ರೂ ನನಗೆ ಗೊತ್ತಾಗಲಿ. ಗೊತ್ತಿಲ್ದೆ ಇರೋದೇ ನನ್ನ ತಿಂತಾ ಇದೆ.”

ಅಪ್ಪ ಅರವನ್ನು ಕೆಳಗಿಟ್ಟರು.

ಮರುದಿನ ನಾವೆಲ್ಲ ಆ ಕೊಳವೆ ಹಿಡಿದು ಕ್ಲಬ್ಬಿನ ಶೆಡ್ಡಿಗೆ ಹೋದೆವು. ತನಿಖಾಧಿಕಾರಿ ಸಣ್ಣ ದನಿಯ ಹೆಂಗಸು. ನೆಲದ ಮೇಲೆ ಸೀಮೆಸುಣ್ಣದಿಂದ ವಿಮಾನದ ಆಕಾರ ಬರೆದು, ಸಿಕ್ಕ ಚೂರುಗಳನ್ನು ಅದರದರ ಜಾಗದಲ್ಲಿ ಜೋಡಿಸಿದ್ದರು. ಎಡಗಡೆ ಹೆಚ್ಚುಕಡಿಮೆ ಖಾಲಿ. ಅದನ್ನು ನೋಡಿ ಅಪ್ಪನ ಮುಖ ಇಳಿಯಿತು. ಅವರೇ ಮನೆಮನೆಗೆ ಹೋಗಿ ಉಳಿದ ಚೂರುಗಳನ್ನು ಕೇಳಿ ತಂದರು. ಸ್ಕೂಟರಿನವರು ಮಳೆಗಾಲ ಹತ್ತಿರ ಬಂತಲ್ಲ ಎಂದು ಗೊಣಗಿದರೂ ಬಟ್ಟೆ ಮಡಚಿ ಕೊಟ್ಟರು.

ದೊಡ್ಡಮ್ಮ ತಾವು ಕಂಡದ್ದನ್ನು ಹೇಳಿದರು. ಆಮೇಲೆ ಕೇಳಿದರು: “ಅವರು ನನಗೋಸ್ಕರ ರೆಕ್ಕೆ ಓಲಾಡಿಸ್ತಿದ್ರು. ಅವತ್ತೂ ಓಲಾಡಿಸಿದ್ರು. ಅದಕ್ಕೇ ಮುರೀತಾ?”

ಇಷ್ಟು ದಿನ ಅವರು ಯಾವ ಕಲ್ಲು ಎದೆಯಲ್ಲಿ ಹೊತ್ತಿದ್ದರೆಂದು ನಮಗೆ ಆಗ ತಿಳಿಯಿತು. ಅಧಿಕಾರಿ ಅವಸರಪಡಲಿಲ್ಲ. ಪರೀಕ್ಷೆ ಆಗಲಿ, ತಿಳಿದ ಮೇಲೆ ನಾನೇ ಬಂದು ಹೇಳುತ್ತೇನೆ ಎಂದರು.

ಕೆಲವು ತಿಂಗಳಾದ ಮೇಲೆ ಅವರು ಬಂದರು. ದೊಡ್ಡಮ್ಮನ ಪಕ್ಕದಲ್ಲೇ ಕೂತು, ದೊಡ್ಡದು ಮಾಡಿ ತೆಗೆದ ಫೋಟೋ ತೋರಿಸಿದರು. ಅಪ್ಪ ತಂದಿದ್ದ ಕೊಳವೆ ರೆಕ್ಕೆಯನ್ನು ಎತ್ತಿ ಹಿಡಿಯುವ ಕೊಳವೆಯಂತೆ. ಮುರಿದ ಅಂಚಿನ ಬಹುಭಾಗ ಕಪ್ಪಗೆ ಮಂಕಾಗಿತ್ತು, ಸ್ವಲ್ಪ ಭಾಗ ಮಾತ್ರ ಪಳಪಳ ಹೊಳೆಯುತ್ತಿತ್ತು. ಕಪ್ಪಾದದ್ದು ಹಳೆಯ ಬಿರುಕು, ಹೊಳೆಯುವುದು ಅಂದು ಮುರಿದದ್ದು. ಬಿರುಕು ಪ್ಲಾಸ್ಟಿಕ್ ಕವಚದ ಒಳಗಿತ್ತು, ದಿನನಿತ್ಯದ ತಪಾಸಣೆಯಲ್ಲಿ ಕಾಣುವಂತಿರಲಿಲ್ಲ.

“ನೇರವಾಗಿ ಹಾರಿದ್ರೂ ಇವತ್ತಲ್ಲ ನಾಳೆ ಮುರೀತಿತ್ತಮ್ಮ” ಎಂದರು ಅಧಿಕಾರಿ. “ಅವರು ತಪ್ಪು ಮಾಡಿರಲಿಲ್ಲ. ನೀವೂ ಮಾಡಿರಲಿಲ್ಲ.”

ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರು ಮನಸಾರೆ ಅತ್ತದ್ದು ಅದೇ ಮೊದಲು.

ಆ ಬಗೆಯ ವಿಮಾನ ಇಟ್ಟುಕೊಂಡವರೆಲ್ಲ ಕವಚ ಬಿಚ್ಚಿ ನೋಡಬೇಕೆಂದು ಸೂಚನೆ ಹೋಯಿತು. ದೂರದ ಊರಿನ ಒಬ್ಬ ಬಡಗಿ ಬಿಚ್ಚಿ ನೋಡಿದಾಗ ಅದೇ ಜಾಗದಲ್ಲಿ ಕೂದಲೆಳೆಯಂಥ ಬಿರುಕು. ಮುಂದಿನ ವಾರ ಅವನು ತನ್ನ ಮಗಳನ್ನು ಕೂರಿಸಿಕೊಂಡು ಹಾರಬೇಕಿತ್ತಂತೆ. ಆ ಬಡಗಿ, ಮಗಳು ಇಬ್ಬರೂ ವಿಳಾಸ ಹುಡುಕಿಕೊಂಡು ಬೇಕರಿಗೆ ಬಂದರು. ಗಲ್ಲಾದ ಮುಂದೆ ನಿಂತು ತಾವು ಯಾರೆಂದು ಹೇಳಿದರು. ದೊಡ್ಡಮ್ಮ ಒಳಗಿಂದ ಬಂದು ಆ ಹುಡುಗಿಯ ಕೆನ್ನೆ ಸವರಿ, ಒಳಗೆ ಕರೆದು ಕೂರಿಸಿದರು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ಅಪಘಾತವಾದರೆ ಮೊದಲು ಸಹಾಯಕ್ಕೆ ಕರೆ ಮಾಡಿ, ಜೀವ ಉಳಿಸುವುದನ್ನು ನೋಡಿ. ಆಮೇಲೆ ದೂರ ನಿಲ್ಲಿ. ಬಿದ್ದ ಚೂರು ಎಷ್ಟೇ ಸಣ್ಣದಿರಲಿ, ಎತ್ತಬೇಡಿ, ಒರೆಸಬೇಡಿ, ನೆನಪಿಗೆಂದು ಮನೆಗೆ ಒಯ್ಯಬೇಡಿ. ಈಗಾಗಲೇ ತಂದಿದ್ದರೆ ನಾಚಿಕೆಪಡದೆ ಇದ್ದ ಹಾಗೇ ಒಪ್ಪಿಸಿ. ಕಂಡದ್ದನ್ನು ಕಂಡಷ್ಟೇ ಹೇಳಿ, ಊಹೆ ಬೆರೆಸಬೇಡಿ. ಹೋದವರನ್ನು ಯಾರೂ ತಂದುಕೊಡಲಾರರು. ಆದರೆ ನೀವು ಮುಟ್ಟದೆ ಬಿಟ್ಟ ಒಂದು ಚೂರು, ನೀವೆಂದೂ ಕಾಣದ ಒಂದು ಮನೆಯ ಮಗಳನ್ನು ಸುರಕ್ಷಿತವಾಗಿ ನೆಲಕ್ಕಿಳಿಸಬಹುದು.